ಅವಳ ಏಟು ಮುಂದೆ, ಅವನ ದನಿ ಹಿಂದೆ

ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಗುಡುಗಮ್ಮ ಎಂದು. ಹಗಲೆಲ್ಲ ದಪ್ಪ ರೆಕ್ಸಿನ್ ಮೇಲೆ ಮೆಷಿನ್ ಓಡಿಸುತ್ತಾಳೆ. ಸಂಜೆ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಡ್ರಮ್ಸ್ ಬಾರಿಸುತ್ತಾಳೆ. ಅವಳ ಜೊತೆ ಗಿಟಾರ್ ಹಿಡಿದು ಹಾಡುವವನು ಅವಳ ಮಾಜಿ ಗಂಡ, ಡ್ರೈವಿಂಗ್ ಶಾಲೆಯ ಮೇಷ್ಟ್ರು.

ಹುಚ್ಚು ಹಿಡಿದವರಂತೆ ಪ್ರೀತಿಸಿ ಮದುವೆಯಾದವರು. ಆದರೆ ಅವಳಿಗೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬೇಕು. ಅವನು ಉತ್ತರ ಹುಡುಕುವಷ್ಟರಲ್ಲಿ ಜಗಳ ಮುಗಿದು ಊಟ ಆರಿರುತ್ತಿತ್ತು. “ಎತ್ತು ಏರಿಗೆ, ಕೋಣ ನೀರಿಗೆ” ಎನ್ನುತ್ತಾಳೆ ಅವಳ ಅಕ್ಕ. ಕೋಣ ಯಾರೆಂದು ಇದುವರೆಗೂ ಹೇಳಿಲ್ಲ.

ಬೇರೆಯಾದ ಮೇಲೆ ಇಬ್ಬರೂ ಸೇರಿ ಒಂದು ರಾಕ್ ಹಾಡು ಕಟ್ಟಿದರು. ಬಿಟ್ಟಿರಲಾರದ, ಕೂಡಿ ಬಾಳಲೂ ಆಗದ ಇಬ್ಬರ ಹಾಡು. ಮದುವೆಯಂತೂ ಉಳಿಯಲಿಲ್ಲ, ಅದರಿಂದ ಹುಟ್ಟಿದ ಇದಾದರೂ ನೆಟ್ಟಗಿರಲಿ ಎಂಬ ಹಟ ಇಬ್ಬರಿಗೂ ಇತ್ತು. ರಜೆ ಹಾಕಿ ಸ್ಟುಡಿಯೊಗೆ ಹೋದರು.

ಅವಳ ಏಟು ತಾಳಕ್ಕಿಂತ ಕೂದಲೆಳೆ ಮುಂದೆ ಬೀಳುತ್ತದೆ, ಅವನ ದನಿ ಕೂದಲೆಳೆ ಹಿಂದೆ. ಇದನ್ನು ಸರಿಮಾಡಲೆಂದು ರೆಕಾರ್ಡಿಸ್ಟ್ ಇಬ್ಬರ ಹೆಡ್‌ಫೋನಿಗೂ ತಾಳ ಎಣಿಸುವ ಟಿಕ್ ಟಿಕ್ ಸದ್ದು ಬಿಟ್ಟ. ಇಬ್ಬರೂ ಅದರ ಹಿಂದೆ ವಿಧೇಯವಾಗಿ ನಡೆದರು.

“ಈಗ ಪಕ್ಕಾ ಬಂತು,” ಎಂದು ರೆಕಾರ್ಡಿಸ್ಟ್ ಹಾಡನ್ನು ಹಾಕಿ ಕೇಳಿಸಿದ.

“ಏನಣ್ಣ ಪಕ್ಕಾ? ಯಾರೋ ಸುಖವಾಗಿ ಸಂಸಾರ ಮಾಡ್ತಿರೋ ಹಾಗಿದೆ,” ಎಂದಳು ಗುಡುಗಮ್ಮ. “ಆ ಟಿಕ್ ಟಿಕ್ ತೆಗೀರಿ.”

“ತೆಗೆದ್ರೆ ಒಬ್ರು ಓಡ್ತೀರ, ಒಬ್ರು ನಿಲ್ತೀರ, ಅಕ್ಕ. ಕೇಳಿದವರು ತಪ್ಪು ಅಂತಾರೆ. ಆಮೇಲೆ ನನ್ನ ಬೈಬೇಡಿ.”

ಮೇಷ್ಟ್ರು ಎಂದಿನಂತೆ ಯೋಚಿಸುತ್ತ ಕುಳಿತಿದ್ದ.

“ಬಾಯಿ ಬಿಡಿ ಮೇಷ್ಟ್ರೇ, ಸಿಗ್ನಲ್ ಹಸಿರಾಯ್ತು!”

“ನೀನು ಕೆಂಪಿದ್ದಾಗಲೇ ಹೋದವಳು,” ಎಂದ ಅವನು. ಆಮೇಲೆ ರೆಕಾರ್ಡಿಸ್ಟನ ಕಡೆ ತಿರುಗಿದ. “ತೆಗೆದುಬಿಡಿ. ಅವಳು ಮುಂದೇನೇ ಇರ್ಲಿ. ನಾನು ಹಿಂದೇನೇ ಹಾಡ್ತೀನಿ.”

ಒಂದೇ ಸಲಕ್ಕೆ ಮುಗಿಯಿತು. ಎರಡೂ ಕಡೆಯಿಂದ ಬಿಗಿದೆಳೆದ ಬಟ್ಟೆಯಂತೆ ಪಲ್ಲವಿ ಇನ್ನೇನು ಹರಿಯಿತು ಅನ್ನಿಸಿ, ಹರಿಯದೆ ನಿಂತಿತು. ಯಾರೂ ಕೇಳದಿದ್ದರೂ ರೆಕಾರ್ಡಿಸ್ಟ್ ಅದನ್ನು ಮತ್ತೆ ಮೊದಲಿಂದ ಹಾಕಿದ.

ಮರುದಿನ ಅಂಗಡಿಯಲ್ಲಿ ಗುಡುಗಮ್ಮ ಆ ಹಾಡನ್ನು ಫೋನಿನಲ್ಲಿ ಎಲ್ಲರಿಗೂ ಕೇಳಿಸಿದಳು. ಕತ್ತರಿ ಹಿಡಿದಿದ್ದ ಕಟಿಂಗ್ ಮಾಸ್ಟರ್ ತಲೆಯೆತ್ತಿದರು.

“ಡ್ರಮ್ಮು ಸ್ವಲ್ಪ ಮುಂದೆ ಓಡುತ್ತೆ ಅಲ್ವೇನಮ್ಮ?”

“ಹೌದು ಸಾರ್. ಅದು ನಾನೇ,” ಎಂದು ಅವಳು ಸೌಂಡು ಹೆಚ್ಚಿಸಿದಳು.