ಮುಳುಗಡೆ ಊರಿನ ಕಿಂಡಿ

ಎಪ್ಪತ್ತರ ದಶಕದ ಒಂದು ಬೇಸಿಗೆ. ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಪರೀಕ್ಷೆ ಬರೆದು ಜಗಳೂರಿನ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಅಪ್ಪ ಅಕ್ಕನ ಊರಿಗೆ ಕಳಿಸಿದರು. ಅವಳನ್ನು ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆ ಪಕ್ಕದ ಪುಟ್ಟ ಊರಿಗೆ ಕೊಟ್ಟಿದ್ದೆವು. ಅಣೆಕಟ್ಟಿನ ನೀರಿಗೆ ಹಳೆಯ ಊರು ಮುಳುಗಿದಾಗ ಜನರನ್ನೆಲ್ಲ ಅಲ್ಲಿಗೆ ತಂದು ಇಳಿಸಿದ್ದರು. ಸುತ್ತಲಿನವರಿಗೆ ಅದು ‘ಮುಳುಗಡೆ ಊರು’.

ನಾನು ಹಿಂದೆಂದೂ ಹೋದವಳಲ್ಲ. ಬಸ್ಸಿಳಿದು ನೋಡಿದರೆ ಐದು ಸಾಲು ಮನೆ, ಎಲ್ಲವೂ ಒಂದೇ ಥರ. ಅದೇ ಹೆಂಚು, ಅದೇ ಬಾಗಿಲು, ಎರಡೆರಡು ಮನೆಗೆ ನಡುವೆ ಒಂದೇ ಗೋಡೆ. ರಸ್ತೆ ಪಕ್ಕದ ಮೊದಲ ಮನೆಯ ಬಾಗಿಲು ತೆರೆದಿತ್ತು. ಅಕ್ಕನದೇ ಇರಬೇಕೆಂದು ಒಳಗೆ ಹೋಗಿ ಚೀಲ ಇಟ್ಟು ಕೂತುಬಿಟ್ಟೆ.

ಒಳಗಿನಿಂದ ಬಂದ ವಯಸ್ಸಾದ ಹೆಂಗಸು ಏನೂ ಕೇಳದೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಕುಡಿದು ಮುಗಿಸಿದ ಮೇಲೆ, “ಯಾರ ಮನೆಗೆ ಹೋಗಾಕೆ ಹೊರಟಿದ್ದೆ ತಂಗಿ?” ಎಂದರು.

ನಾನು ನಾಚಿಕೊಂಡು ಅಕ್ಕನ ಗಂಡನ ಹೆಸರು ಹೇಳಿದೆ. ಅವರ ಮುಖ ಅರಳಿತು. “ಐದನೇ ಸಾಲು. ನಡಿ, ನಾನೂ ಬತ್ತೀನಿ.”

ಆ ಊರಿನ ನಾಲ್ಕು ಸಾಲು ದಾಟಲು ಅವರಿಗೆ ಒಂದು ನೆಪ ಸಾಕಿತ್ತು ಅಂತ ಆಮೇಲೆ ಅಕ್ಕ ಹೇಳಿದಳು. ಹಳೆಯ ಊರಿನಲ್ಲಿ ಅವರೂ ಅಕ್ಕನ ಅತ್ತೆಯೂ ಗೋಡೆಗೆ ಗೋಡೆ ಹತ್ತಿದ ಮನೆಯವರು. ನಡುಗೋಡೆಯಲ್ಲಿ ಒಂದು ಕಿಂಡಿಯಿತ್ತಂತೆ. ಕೆಂಡ, ಹೆಪ್ಪಿನ ಮಜ್ಜಿಗೆ, ಸಾರು, ಸುದ್ದಿ ಎಲ್ಲವೂ ಅದರಲ್ಲೇ. ಇಲ್ಲಿ ಚೀಟಿ ಎತ್ತಿ ಮನೆ ಹಂಚಿದಾಗ ಒಬ್ಬರು ಊರಿನ ಈ ತುದಿಗೆ, ಇನ್ನೊಬ್ಬರು ಆ ತುದಿಗೆ ಬಿದ್ದರು.

ಅಕ್ಕನ ಪಕ್ಕದ ಮನೆಯಲ್ಲಿ ಒಬ್ಬ ದರ್ಜಿ ಇದ್ದರು. ಮೂರನೇ ದಿನ ರವಿಕೆ ಹೊಲಿಯಲು ಕೊಟ್ಟು ಕಟ್ಟೆಯ ಮೇಲೆ ಕೂತಿದ್ದೆ. “ಈ ಮೂಲ್ಯಾಗೆ ಒಬ್ಬ ದರ್ಜಿ ಅದಾನೆ ಅಂತ ಬಸ್ಸಿನ ಜನಕ್ಕೆ ಹೆಂಗೆ ಗೊತ್ತಾಗಬೇಕು?” ಎಂದು ಅವರು ಗೊಣಗಿದರು.

“ನನಗೆ ಮಜ್ಜಿಗೆ ಕೊಟ್ಟ ಅಮ್ಮ ಈ ಮನೆಗೆ ಬಂದು, ಅವರ ರಸ್ತೆ ಪಕ್ಕದ ಮನೆ ನಿಮಗೆ ಸಿಕ್ಕಿದ್ರೆ ಹೋಗ್ತೀರಾ?”

ಮಿಷನ್ ನಿಂತಿತು. “ನಾನು ಹೋಗಾಕೆ ತಯಾರಿದೀನಿ. ಆದ್ರೆ ಗೆಳತಿ ಪರವಾಗಿ ಬಂದು ಕೇಳಬೇಕಾದ ನಿಮ್ಮ ಅಕ್ಕನ ಅತ್ತೆ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷ ಆತು. ನನ್ನ ಕೋಳಿ ಅವರ ಕೊತ್ತಂಬರಿ ಮಡಿ ಕೆದರಿತ್ತು.”

ಅತ್ತೆಯನ್ನು ಕೇಳಿದರೆ, “ಅವನು ತಪ್ಪಾತು ಅನ್ಲಿ” ಎಂದರು. ದರ್ಜಿಯನ್ನು ಕೇಳಿದರೆ, “ತಪ್ಪು ಕೋಳೀದು” ಎಂದರು. ಎರಡು ಕಟ್ಟೆಗಳ ನಡುವೆ ಓಡಾಡಿ ನನಗೆ ಸಾಕಾಯಿತು. ಕೊನೆಗೆ ದರ್ಜಿಯೇ ಒಂದು ಹಿಡಿ ಕೊತ್ತಂಬರಿ ಬೀಜ ತಂದು ಅತ್ತೆಯ ಮುಂದೆ ಇಟ್ಟರು. ಅತ್ತೆ ಬೀಜವನ್ನು ಸೆರಗಿಗೆ ಕಟ್ಟಿಕೊಂಡು, “ಸೋಮವಾರ ಒಳ್ಳೇ ದಿನ ಐತೆ” ಎಂದರು.

ಸೋಮವಾರ ಅರ್ಧ ಊರೇ ಕೈಜೋಡಿಸಿತು. ಹೊಲಿಗೆ ಮಿಷನ್ ಎತ್ತಿನ ಗಾಡಿಯಲ್ಲಿ ಮೊದಲ ಸಾಲಿಗೆ ಹೋಯಿತು, ಅದೇ ಗಾಡಿಯಲ್ಲಿ ಮಜ್ಜಿಗೆಯಮ್ಮನ ಪಾತ್ರೆ ಪಡಗ ಐದನೇ ಸಾಲಿಗೆ ಬಂದವು. ಸಂಜೆಗೆ ಅತ್ತೆ ಹಾರೆ ತರಲು ಹೇಳಿದರು.

ಭಾವ ಹಿಂಜರಿದರು. “ಅವ್ವಾ, ಅದು ಸರ್ಕಾರ ಕಟ್ಟಿಸಿದ ಗೋಡೆ.”

“ಇಡೀ ಊರು ಮುಳುಗಿಸಿದೋರು ಎರಡು ಇಟ್ಟಿಗೆಗೆ ಏನಂತಾರೆ? ಹಾಕು ನೀನು.”

ಭಾವ ಹಾಕಿದರು. ಸುಣ್ಣದ ಗೋಡೆಯಿಂದ ಎರಡು ಇಟ್ಟಿಗೆ ಕಳಚಿ ಬಿದ್ದವು, ಮೂಗಿಗೆಲ್ಲ ಧೂಳು. ಧೂಳು ಇಳಿದಾಗ ಆ ಕಡೆಯಿಂದ ಬಳೆಯ ಕೈಯೊಂದು ಒಳಗೆ ಬಂತು. ಅತ್ತೆ ಅದನ್ನು ಹಿಡಿದುಕೊಂಡರು. ನಾನೂ ಅಕ್ಕನೂ ಇನ್ನೆಲ್ಲೋ ನೋಡಿದೆವು. ಆ ಕಡೆಯಿಂದ ದನಿ ಬಂತು: “ಸಾರು ಏನು ಮಾಡೀಯ?”

“ಬದನೇಕಾಯಿ.”

“ಕೊಡಿಲ್ಲಿ ನೋಡಾನ.”

ಬಟ್ಟಲು ಹೋಯಿತು. ಉಪ್ಪು ಕಡಿಮೆ ಎಂಬ ತೀರ್ಪು ತಿರುಗಿ ಬಂತು. ಅತ್ತೆ ಅಷ್ಟು ನಕ್ಕಿದ್ದನ್ನು ತಾನು ಈ ಮನೆಗೆ ಬಂದಮೇಲೆ ನೋಡೇ ಇಲ್ಲ ಎಂದಳು ಅಕ್ಕ.

ಮುಂದೆ ನನಗೆ ಚನ್ನಗಿರಿ ಕಡೆಯ ನಲ್ಲೂರಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದಲ್ಲಿ ರಜೆ ಬಂದಾಗಲೆಲ್ಲ ಅಕ್ಕನ ಊರಿಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಇನ್ನೂ ಹಲವು ಮನೆಯವರು ತಂತಮ್ಮ ಹಳೆಯ ನೆರೆಯವರ ಪಕ್ಕಕ್ಕೆ ಅದಲುಬದಲಾಗಿದ್ದರು. ಬಾಗಿಲ ಮೇಲಿನ ನಂಬರಿಗೂ ಒಳಗಿದ್ದವರಿಗೂ ತಾಳೆಯೇ ಇರಲಿಲ್ಲ. ಪೋಸ್ಟಿನವರು ಕಾಗದಗಳನ್ನೆಲ್ಲ ದರ್ಜಿಯ ಅಂಗಡಿಯಲ್ಲಿ ಕೊಟ್ಟು, ಅಲ್ಲೇ ಚಹಾ ಕುಡಿದು ಮುಂದಿನ ಊರಿಗೆ ಸೈಕಲ್ ಹತ್ತುತ್ತಿದ್ದರು.