ಕೂರುವ ಬಟ್ಟೆ

ಟೈಲರಮ್ಮನ ಬಲಗೈ ಹೆಬ್ಬೆರಳು ಕತ್ತರಿಯ ಹಿಡಿ ಇದ್ದ ಹಾಗೇ ಬಾಗಿಹೋಗಿತ್ತು. ಕತ್ತರಿ ಕೆಳಗಿಟ್ಟಾಗಲೂ ನೆಟ್ಟಗಾಗುತ್ತಿರಲಿಲ್ಲ. ಮುದ್ದೆ ಮುರಿಯುವಾಗಲೂ ತಲೆ ಬಾಚುವಾಗಲೂ ಆ ಬೆರಳು ಏನನ್ನೋ ಕತ್ತರಿಸಲು ಕಾದಿರುವ ಹಾಗೆ ಕಾಣುತ್ತಿತ್ತು. ಎಳೆ ಮಕ್ಕಳು ಅದನ್ನು ನೋಡಿ ಅಳುತ್ತಿದ್ದವು. ನನ್ನ ಮೊಮ್ಮಗಳು ಪುಟ್ಟಿ ಅಳಲಿಲ್ಲ. ಅವಳಿಗೆ ಮಾತಿಲ್ಲ. ಕೈಕಾಲು ಹೇಳಿದ ಹಾಗೆ ಕೇಳುವುದಿಲ್ಲ, ಕತ್ತು ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ. ಆದರೆ ಆ ಹೆಬ್ಬೆರಳು ಕಂಡರೆ ಸಾಕು, ಬಾಯಿ ಅಗಲ ಮಾಡಿ ನಗುತ್ತಿದ್ದಳು. ನನಗೂ ನಕ್ಕವಳಲ್ಲ, ಹೆತ್ತವಳಿಗೂ ನಕ್ಕವಳಲ್ಲ. ಆ ನಗು ಆ ಬೆರಳಿಗೆ ಮಾತ್ರ.

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ, ಕಾಯಿ ಮಂಡಿಗಳ ಬೀದಿಯಲ್ಲಿ ಅವಳ ಅಂಗಡಿ. ನಾನು ಎದುರಿನ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸಕ್ಕಿದ್ದೆ. ಮಗಳು ಹಾಸನದ ಬಟ್ಟೆ ಫ್ಯಾಕ್ಟರಿಗೆ ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಅದಕ್ಕೆ ಪುಟ್ಟಿ ನನ್ನ ಜೊತೆಗೇ, ಗೋಣಿಚೀಲದ ಮೇಲೆ ಮಲಗಿರುತ್ತಿದ್ದಳು. ಟೈಲರಮ್ಮನ ಬೋರ್ಡಿನಲ್ಲಿ ರವಿಕೆ, ಲಂಗ, ಸ್ಕೂಲ್ ಯೂನಿಫಾರಂ ಎಂದು ಬರೆದಿತ್ತು. ಬೋರ್ಡಿನಲ್ಲಿ ಇಲ್ಲದ ಕೆಲಸವೇ ಅವಳಿಗೆ ಜಾಸ್ತಿ. ನಡೆಯಲಾಗದವರ ಗಾಲಿ ಕುರ್ಚಿಗೆ ಕೂರುವ ಬಟ್ಟೆ, ಬೆನ್ನಿನ ಬಟ್ಟೆ, ಎದೆಗೆ ಬೆಲ್ಟು, ಊರುಗೋಲಿನ ಕಂಕುಳಿಗೆ ದಿಂಬು. ನಾವೆಲ್ಲ ಆ ಕುರ್ಚಿಗೆ ಗಾಡಿ ಅನ್ನುತ್ತಿದ್ದೆವು, ಅವಳೂ ಹಾಗೇ ಅನ್ನುತ್ತಿದ್ದಳು.

ಮೊದಲ ಸಲ ಅವಳು ನನ್ನ ಜೊತೆ ಮಾತಾಡಿದ್ದೇ ಬೈಯಲು. "ಅಕ್ಕ, ಕೂಸ್ನ ಯಾವಾಗ್ಲೂ ಮಲುಗ್ಸೇ ಇಟ್ಟಿರ್ತೀಯಲ್ಲ, ಎಬ್ಬಿಸಿ ಕೂರ್ಸು. ಲಂಗಕ್ಕೆ ಅಳತೆ ತಗೋತೀನಿ."

"ಮಲಗಿದ್ದಂಗೇ ತಗೊ. ಅವಳೇನು ಓಡೋಗ್ತಾಳಾ?"

"ಮಲಗಿರೋರ ಅಳತೆ ನಾನ್ ತಗಳಲ್ಲ. ಅದು ಗುಂಡಿ ತೋಡೋರ ಕೆಲ್ಸ."

ಎಂಥ ಬಾಯಿ ಇವಳದು ಅಂದುಕೊಂಡೆ. ನನ್ನ ಬಾಯೇನೂ ಇದಕ್ಕಿಂತ ಮೇಲಲ್ಲ, ಹಾಗಾಗಿ ನಮ್ಮಿಬ್ಬರಿಗೂ ಹೊಂದಿಕೊಂಡಿತು.

ಅವಳಿಗೆ ಇನ್ನೊಂದು ಕೆಲಸವಿತ್ತು. ಅದನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ನಮ್ಮ ಕಡೆ ಸತ್ತವರ ಚಾಪೆ, ಹೊದಿಕೆ, ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಸ್ಮಶಾನದ ದಾರಿಯಲ್ಲಿ ಬಿಸಾಕಿ ಬರುತ್ತಾರೆ. ಗಾಡಿಯಲ್ಲಿದ್ದವರು ಸತ್ತರೆ ಗಾಡಿಯನ್ನೂ ಹಾಗೇ ಬಿಸಾಕುತ್ತಿದ್ದರು. ಚೆನ್ನಾಗಿರುವ ಗಾಲಿ ಕೆರೆ ಏರಿಯ ಕೆಳಗೆ ತುಕ್ಕು ಹಿಡಿಯುತ್ತಿತ್ತು. ಇವಳು ಅದನ್ನು ತಪ್ಪಿಸಿದಳು. ಹೊಳೆನರಸೀಪುರ, ಅರಕಲಗೂಡು, ಎಲ್ಲಿ ಯಾರು ಹೋದರೂ ಫೋನು ಬರುತ್ತಿತ್ತು. ಕತ್ತರಿಯನ್ನು ಊಟದ ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಹೆಣ ಎತ್ತುವ ಮೊದಲು ಗಾಡಿಯ ಕೂರುವ ಬಟ್ಟೆಯನ್ನು ಕತ್ತರಿಸಿ, ಮಡಿಸಿ, ಸತ್ತವರ ಕಾಲ ಹತ್ತಿರ ಇಡುತ್ತಿದ್ದಳು. ಅದು ಅವರ ಜೊತೆಗೇ ಹೋಗುತ್ತಿತ್ತು. ಆಮೇಲೆ ಬರೀ ಕಬ್ಬಿಣವನ್ನು ತಳ್ಳಿಕೊಂಡು ಬರುತ್ತಿದ್ದಳು. ಹೊಸ ಬಟ್ಟೆ ಹೊಲಿದು ಬೇಕಾದವರಿಗೆ ಕೊಡುತ್ತಿದ್ದಳು.

"ಬಟ್ಟೆ ಸತ್ತೋರ್ದು, ಕಬ್ಬಿಣ ಬದುಕಿರೋರ್ದು" ಅನ್ನುತ್ತಿದ್ದಳು. ಯಾರೂ ಎದುರಾಡುತ್ತಿರಲಿಲ್ಲ.

ಬಟ್ಟೆ ಕಳೆದುಕೊಂಡ ಗಾಡಿಗಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಲಾಗಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದವು. ಯಾಕೆ ಹೀಗೆ, ಸ್ಕೂಲಲ್ಲಿ ಶಿಕ್ಷೆ ಕೊಟ್ಟ ಹಾಗೆ, ಎಂದು ಕೇಳಿದೆ.

"ಬಾಗ್ಲ ಕಡೀಕ್ ತಿರುಗ್ಸುದ್ರೆ ಓಗಕ್ ನೋಡ್ತವೆ."

ನಾನು ನಕ್ಕೆ. ಪರೀಕ್ಷೆ ಮಾಡಿಬಿಡೋಣ ಎಂದು ಒಂದನ್ನು ಬಾಗಿಲ ಕಡೆಗೆ ತಿರುಗಿಸಿ ಮನೆಗೆ ಹೋದೆ. ಬೆಳಿಗ್ಗೆ ಅವಳು ಷಟರ್ ಎತ್ತಿದಾಗ ಅದು ಷಟರಿಗೆ ಮೂತಿ ಒತ್ತಿಕೊಂಡು ನಿಂತಿತ್ತು.

"ನೆಲ ಇಳಿಜಾರಾಗದೆ" ಎಂದೆ.

"ನೆಲ ಗೋಡೆ ಕಡೀಕ್ ಇಳಿಜಾರು ಕಣಕ್ಕ, ಬಾಗ್ಲ ಕಡೀಕಲ್ಲ" ಎಂದು ಅವಳು ಹಲ್ಲುಗಳ ನಡುವೆ ಸೂಜಿ ಕಚ್ಚಿಕೊಂಡೇ ಹೇಳಿ ಕೆಲಸಕ್ಕೆ ಕೂತಳು.

ಆ ವರ್ಷ ಪುಟ್ಟಿಯ ಎದೆಗೆ ಎರಡು ಸಲ ಕಫ ಕಟ್ಟಿತು. ಹಾಸನದ ಡಾಕ್ಟರು, "ಮಲಗಿಸಿ ತಿನ್ನಿಸಿದರೆ ಅನ್ನ ಶ್ವಾಸಕೋಶಕ್ಕೆ ಇಳಿಯುತ್ತಮ್ಮ, ಕೂರಿಸಿಯೇ ತಿನ್ನಿಸಬೇಕು. ಇನ್ನೊಂದು ಸಲ ಹೀಗಾದರೆ ಉಳಿಯೋದು ಕಷ್ಟ" ಎಂದರು. ಕೂರಿಸುವುದು ಯಾವುದರಲ್ಲಿ? ಅಂಗವಿಕಲರ ಕ್ಯಾಂಪಿನಲ್ಲಿ ಕೊಟ್ಟ ಗಾಡಿ ದೊಡ್ಡವರದ್ದು, ಟೈಲರಮ್ಮನ ಹಿಂದಿನ ಕೋಣೆಯಲ್ಲಿದ್ದವೂ ದೊಡ್ಡವರವೇ. ಅಂಥದ್ದರಲ್ಲಿ ಕೂರಿಸಿದರೆ ಕೆಸರಿನಲ್ಲಿ ಜಾರಿದ ಹಾಗೆ ಜಾರಿ ಕೆಳಗೆ ಬರುತ್ತಿದ್ದಳು. ತಲೆಗೆ ಆನಿಕೆ, ಪಕ್ಕಕ್ಕೆ ದಿಂಬು, ಎದೆಗೆ ಬೆಲ್ಟು ಇರುವ ಮಕ್ಕಳ ಗಾಡಿಯೇ ಬೇಕಿತ್ತು. ಹೇಳಿ ಮಾಡಿಸಿದರೆ ಬರಲು ತಿಂಗಳುಗಟ್ಟಲೆ. ಪುಟ್ಟಿ ಗಂಜಿಯನ್ನೂ ಕೆಮ್ಮಿ ಕೆಮ್ಮಿ ಉಗುಳುತ್ತಿದ್ದಳು. ತುಟಿ ನೀಲಿಯಾಗುತ್ತಿತ್ತು.

"ಅಂಥ ಗಾಡಿ ಒಂದದೆ" ಎಂದಳು ಟೈಲರಮ್ಮ. "ನುಗ್ಗೇಹಳ್ಳಿ ಕಡೆ. ನಾನೇ ಬಟ್ಟೆ ಒಲ್ದಿದ್ದೆ. ಆ ಹುಡ್ಗ ಓಗ್ಬುಟ್ಟ. ಆದ್ರೆ ನನ್ನ ಕರೀನಿಲ್ಲ ಅವ್ರು. ಮನೇನೇ ಮುಚ್ಬುಟ್ಟವ್ರೆ."

ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ನಮ್ಮಲ್ಲಿ ಮನೆ ಬಿಡುತ್ತಾರೆ. ಬಾಗಿಲಿಗೆ ಮುಳ್ಳು ಬಡಿದು, ಕೆಲವು ತಿಂಗಳು ಬೇರೆ ಕಡೆ ಇದ್ದು, ಆಮೇಲೆ ಶಾಂತಿ ಮಾಡಿಸಿ ಒಳಗೆ ಹೋಗುತ್ತಾರೆ. ಅಲ್ಲಿಯವರೆಗೆ ಒಳಗಿನದು ಒಳಗೇ. ಆ ಗಾಡಿಯೂ ಬಟ್ಟೆ ಸಮೇತ ಒಳಗೆ ಉಳಿದಿತ್ತು. ಟೈಲರಮ್ಮನಿಗೆ ಅದೇ ಚುಚ್ಚುತ್ತಿತ್ತು. ನನಗೆ ಪುಟ್ಟಿಯ ಚಿಂತೆ, ಅವಳಿಗೆ ಆ ಹುಡುಗನ ಚಿಂತೆಯೂ ಸೇರಿತ್ತು.

ನನ್ನ ಮಗಳು ಕೂಗಾಡಿದಳು. "ಸತ್ತಿರೋ ಮಗೀನ ಗಾಡೀಲಿ ನನ್ನ ಮಗೀನ ಕೂರ್ಸ್ತೀಯೇನವ್ವ?"

"ಕೂರುಸ್ದಿದ್ರೆ ಇದೂ ಸಾಯ್ತದೆ ಕಣಮ್ಮಿ" ಎಂದೆ. ಅವಳು ಅತ್ತಳು. ಅಳಲಿ ಎಂದು ಬಿಟ್ಟೆ.

ಹುಡುಗನ ಮನೆಯವರು ತೆಂಗಿನ ತೋಟದ ಶೆಡ್ಡಿನಲ್ಲಿದ್ದರು. ಅವನ ತಾತ ನಮ್ಮನ್ನು ನೋಡಿ ಎದ್ದೇ ಬಿಟ್ಟ.

"ಮುಚ್ಚಿರೋ ಮನೆ ತೆಗೀಬಾರ್ದು ಕಣ್ರವ್ವ. ಊರ್ಗೇ ಆಗಲ್ಲ."

"ಅಂಗಲ್ಲ ದೊಡ್ಡಯ್ಯ" ಎಂದಳು ಟೈಲರಮ್ಮ. "ಬಟ್ಟೆ ಕೊಡ್ದೆ ಕಳ್ಸಿದ್ದೀರಲ್ಲ, ಕೂಸು ಎಲ್ ಕೂತ್ಕತದೆ? ಬರೀ ನೆಲದ್ ಮ್ಯಾಲೆ ಕೂರಕ್ಕಾಯ್ತಿತ್ತಾ ಅವುನ್ಗೆ?"

ಹುಡುಗನ ತಾಯಿ ಒಳಗಿನಿಂದ ಬೀಗದ ಕೈ ತಂದು ಅವಳ ಕೈಗೆ ಹಾಕಿದಳು. "ನಡುಮನೆ ಪಕ್ಕದ ಕ್ವಾಣೇಲದೆ ಅಕ್ಕ. ಮೂಲೇಲಿ." ಮುದುಕ ತೋಟದ ಕಡೆಗೆ ಮುಖ ತಿರುಗಿಸಿಕೊಂಡ. "ನಾನ್ ನೋಡ್ನಿಲ್ಲ. ಇತ್ತಲ ಬಾಗ್ಲಿಂದ ಓಗಿ, ಮುಂದ್ಲು ಮುಳ್ಳು ಮುಟ್ಬ್ಯಾಡಿ."

ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಹಿತ್ತಲ ಬಾಗಿಲು ತೆಗೆದಾಗ ಒಳಗಿನ ಗಾಳಿ ಬಾವಿಯ ಗಾಳಿಯ ಹಾಗೆ ತಣ್ಣಗಿತ್ತು. ನೆಲದ ಮೇಲೆ ಧೂಳು ಹಿಟ್ಟು ಜರಡಿ ಹಿಡಿದ ಹಾಗೆ ಸಮನಾಗಿ ಕೂತಿತ್ತು. ಕೋಣೆಯ ಮೂಲೆ ನೋಡಿದೆವು. ಗಾಡಿ ಇರಲಿಲ್ಲ. ಮೂಲೆಯಿಂದ ಧೂಳಿನಲ್ಲಿ ಎರಡು ಗೆರೆ ಹೊರಟಿದ್ದವು, ಗಾಲಿ ಉರುಳಿದ ಗೆರೆ. ಪಕ್ಕದಲ್ಲಿ ಹೆಜ್ಜೆ ಗುರುತು ಒಂದೂ ಇರಲಿಲ್ಲ. ಗೆರೆ ಹಿಡಿದು ಹೋದರೆ ಗಾಡಿ ಮುಂಬಾಗಿಲ ಹಿಂದೆ, ಬಾಗಿಲಿಗೆ ಮುಖ ಮಾಡಿ ನಿಂತಿತ್ತು. ಬಾಗಿಲಾಚೆ ಮುಳ್ಳು. ಎದೆಯ ಬೆಲ್ಟು ಹಾಕಿತ್ತು. ಒಳಗೆ ಯಾರೋ ಕೂತಿದ್ದರೆ ಎಷ್ಟು ಉಬ್ಬಬೇಕೋ ಅಷ್ಟು ಉಬ್ಬಿತ್ತು.

ನಾನು ಹೆದರುವವಳಲ್ಲ. ಆದರೂ ಹಿಂದಕ್ಕೆ ಸರಿದೆ.

ಟೈಲರಮ್ಮ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ಬಂದೆ ಕಣಪ್ಪ. ತಡ ಆಯ್ತು. ಬೈಕೋಬ್ಯಾಡ."

ಎಡಗೈಯನ್ನು ತಲೆ ಇರಬೇಕಾದ ಜಾಗದಲ್ಲಿ ಆನಿಸಿ ಹಿಡಿದು, ಬಲಗೈಯಿಂದ ಬೆಲ್ಟು ಬಿಚ್ಚಿದಳು. ಕತ್ತು ನಿಲ್ಲದ ಮಗುವಿಗೆ ಹಾಗೇ ಮಾಡಬೇಕು, ಇಲ್ಲದಿದ್ದರೆ ತಲೆ ಮುಂದಕ್ಕೆ ಬೀಳುತ್ತದೆ. ನಾನು ದಿನಾ ಮಾಡುವ ಕೆಲಸ ಅದು. ಅಲ್ಲಿ ತಲೆ ಇರಲಿಲ್ಲ.

"ಅಕ್ಕ, ಒಸಿ ಕಾಲು ಇಡ್ಕೊ."

ಹುಚ್ಚಿ ಎಂದು ಬೈಯಬೇಕಿತ್ತು. ಹಿಡಿದೆ. ಕೈಯಲ್ಲಿ ಏನೂ ಇರಲಿಲ್ಲ, ಬರೀ ಗಾಳಿ. ಇಬ್ಬರೂ ಸೇರಿ ಆ ಏನೂ ಇಲ್ಲದ್ದನ್ನು ಎತ್ತಿ ಕಂಬದ ಪಕ್ಕಕ್ಕೆ ತಂದೆವು. ಕೆಳಗಿಳಿಸುವಾಗ ನನ್ನ ಕೈ ನಿಧಾನವಾಗಿಯೇ ಇಳಿಯಿತು, ಯಾಕೋ ಗೊತ್ತಿಲ್ಲ. ಅವಳು ಕೂರುವ ಬಟ್ಟೆ ಕತ್ತರಿಸಿ ಕಂಬದ ಬುಡದಲ್ಲಿ ಹಾಸಿದಳು. "ಇದು ನಿಂದು. ಕಬ್ಬಿಣ ಕೊಡು, ಇನ್ನೊಂದು ಕೂಸದೆ." ಆಮೇಲೆ ಗಾಡಿ ತಳ್ಳಿದೆವು. ಹಿತ್ತಲ ಹೊಸ್ತಿಲಲ್ಲಿ ಒಂದು ಕ್ಷಣ ತಡೆದು, ಆಮೇಲೆ ಸಲೀಸಾಗಿ ಬಂತು.

ಶೆಡ್ಡಿನಲ್ಲಿ ತಾಯಿ ಕಾದಿದ್ದಳು. "ಮೂಲೇಲೇ ಇತ್ತಾ ಅಕ್ಕ?"

"ಊಂ, ಮೂಲೇಲೇ ಇತ್ತು" ಎಂದಳು ಟೈಲರಮ್ಮ.

"ಬೆಲ್ಟು ಬಿಚ್ಚಿದ್ನಾ ನಾನು? ಮರ್ತ್ ಬಂದ್ನೇನೋ ಅಂತ ನಿದ್ದೇನೇ ಬರಕಿಲ್ಲ."

"ಬಿಚ್ಚಿತ್ತು ಕಣವ್ವ. ಮಲಿಕ್ಕೊ."

ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹೊಸ ಬಟ್ಟೆ ಹೊಲಿದು, ಎರಡು ಪಕ್ಕಕ್ಕೂ ದಿಂಬು ಇಟ್ಟು ಪುಟ್ಟಿಯನ್ನು ಕೂರಿಸಿದಳು. ಅವತ್ತು ಪುಟ್ಟಿ ಗಂಜಿಯನ್ನು ಕೆಮ್ಮದೆ ಕುಡಿದಳು. ನನ್ನ ಮಗಳು ಫ್ಯಾಕ್ಟರಿಯಿಂದ ಬಂದು ಖಾಲಿ ಬಟ್ಟಲು ನೋಡಿ ಮತ್ತೆ ಅತ್ತಳು. ಎದೆಯ ಕಫ ಆಮೇಲೆ ಬರಲಿಲ್ಲ. ಆದರೆ ಪುಟ್ಟಿ ಬಲಕ್ಕೆ ಒರಗಿಯೇ ಕೂರುತ್ತಿದ್ದಳು, ಬಸ್ಸಿನಲ್ಲಿ ಇನ್ನೊಬ್ಬರಿಗೆ ಸೀಟು ಬಿಟ್ಟವರ ಹಾಗೆ. ಟೈಲರಮ್ಮ ಬಲಕ್ಕೂ, ಎಡದ ಖಾಲಿ ಜಾಗಕ್ಕೂ ದಪ್ಪ ದಿಂಬು ತುಂಬಿದಳು. ಪುಟ್ಟಿ ಬಾಯಿ ಬಿಗಿದುಕೊಂಡಳು, ದಿಂಬು ತೆಗೆಯುವವರೆಗೆ ತುತ್ತು ಮುಟ್ಟಲಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದರೂ ಅದೇ. ಟೈಲರಮ್ಮ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು.

"ನಮ್ ಜತೇಲೇ ಬಂದ್ಬುಟ್ಟವ್ನೆ ಕಣಕ್ಕ. ಇರ್ಲಿ ಬಿಡು, ಚಿಕ್ಕದು."

ಮೊಮ್ಮಗಳು ಉಣ್ಣುತ್ತಿದ್ದಳಲ್ಲ, ದಿಂಬಿನ ಮಾತು ಬಿಟ್ಟೆ. ಒರಗಿ ಒರಗಿ ಅವಳ ಬೆನ್ನು ಬಲಕ್ಕೆ ಬಾಗತೊಡಗಿತು. ಬೆನ್ನು ಪೂರ್ತಿ ಬಾಗಿದರೆ ಮತ್ತೆ ಉಸಿರಿಗೆ ತೊಂದರೆ ಎಂದರು ಡಾಕ್ಟರು. ಟೈಲರಮ್ಮನಿಗೆ ಅದು ದೊಡ್ಡ ಕೊರಗಾಯಿತು. "ಇವ್ಳು ನೆಟ್ಟಗೆ ಕೂತಿದ್ದು ನೋಡ್ದೆ ನಾನ್ ಓಗಕಿಲ್ಲ" ಎಂದು ಕಂಡಾಗಲೆಲ್ಲ ಅನ್ನುತ್ತಿದ್ದಳು.

ಕೆಲವು ವರ್ಷ ಕಳೆದ ಮೇಲೆ ಸಕ್ಕರೆ ಕಾಯಿಲೆ ಅವಳ ಕಾಲಿಗೆ ಬಂತು. ಹಾಸನದಲ್ಲಿ ಒಂದು ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಹಿಂದಿನ ಕೋಣೆಯಿಂದ ಒಂದು ಗಾಡಿ ಹೊರಗೆ ತಂದು, ತನಗೆ ತಾನೇ ಬಟ್ಟೆ ಹೊಲಿದುಕೊಂಡು ಕೂತಳು. ಪುಟ್ಟಿಯ ಗಾಡಿಯ ಬಲಕ್ಕೆ ತನ್ನ ಗಾಡಿ ನಿಲ್ಲಿಸಿಕೊಂಡು, ಬಾಗಿದ ಬೆರಳು ಆಡಿಸಿ ಅವಳನ್ನು ನಗಿಸುತ್ತಿದ್ದಳು. "ನನ್ ಬಟ್ಟೆ ನೀನೇ ಕತ್ತರುಸ್ಬೇಕು ಅಕ್ಕ. ಮರ್ತೀಯ" ಎಂದಳು. "ನೀನ್ ಮೊದ್ಲು ಸಾಯಿ, ಆಮೇಲ್ ನೋಡವ" ಎಂದೆ. ನಕ್ಕಳು.

ಹೋದ ವರ್ಷ ಹೋದಳು, ಮಿಷನ್ ಮುಂದೆ ಕೂತೇ. ಅವಳ ತಮ್ಮ ಗಾಡಿಯನ್ನು ಹೊರಗೆ ಬಿಸಾಕಲು ತಳ್ಳುತ್ತಿದ್ದ. "ಲೇ, ಬಿಡ್ಲಾ ಅದ್ನ" ಎಂದು ಕಿತ್ತುಕೊಂಡೆ. ಅವಳ ಕತ್ತರಿ ನನ್ನ ಹೆಬ್ಬೆರಳಿಗೆ ಹಿಡಿಸಲಿಲ್ಲ. ಬಟ್ಟೆ ಸೊಟ್ಟಸೊಟ್ಟಗೆ ಬಂತು. ನೋಡಿದ್ದರೆ ಬೈಯುತ್ತಿದ್ದಳು. ಮಡಿಸಿ ಉಳಿದಿದ್ದ ಕಾಲಿನ ಹತ್ತಿರ ಇಟ್ಟೆ. ಕಬ್ಬಿಣ ಅರಕಲಗೂಡಿನ ಒಬ್ಬ ಗಾರೆ ಕೆಲಸದವನಿಗೆ ಹೋಯಿತು, ಕಟ್ಟಡದಿಂದ ಬಿದ್ದವನು. ಪುಟ್ಟಿ ನೆಟ್ಟಗೆ ಕೂತಿದ್ದನ್ನು ನೋಡದೇ ಹೋದಳಲ್ಲ ಎಂದುಕೊಂಡೆ.

ಅವಳ ತಿಥಿ ಊಟ ಮುಗಿಸಿ, ಪುಟ್ಟಿಗೆ ಅನ್ನ ಕಲಸಿಕೊಂಡು ಬಂದೆ. ಪುಟ್ಟಿ ಗಾಡಿಯ ನಡುಮಧ್ಯದಲ್ಲಿ ಕೂತಿದ್ದಳು. ನೆಟ್ಟಗೆ. ಎಡಕ್ಕೆ ನಾಲ್ಕು ಬೆರಳಿನಷ್ಟು ಜಾಗ, ಬಲಕ್ಕೂ ಅಷ್ಟೇ ಜಾಗ. ಎರಡು ಪಕ್ಕದಿಂದ ಯಾರೋ ಹಿಡಿದು ಕೂರಿಸಿದ ಹಾಗೆ. ಆವತ್ತಿನಿಂದ ಹಾಗೇ ಕೂರುತ್ತಾಳೆ. ಬೆನ್ನಿಗೆ ಶಕ್ತಿ ಬಂದಿದೆ ಎನ್ನುತ್ತಾರೆ ಡಾಕ್ಟರು. ಇರಬಹುದು. ಈಗ ಕೂರುವ ಬಟ್ಟೆಯನ್ನು ನಾನೇ ಹೊಲಿಯುತ್ತೇನೆ. ದಿಂಬು ಎರಡೂ ಪಕ್ಕಕ್ಕೆ ತೆಳ್ಳಗೆ ಇಡುತ್ತೇನೆ. ಎಲ್ಲಾದರೂ ಗಾಡಿಯವರು ಸತ್ತರೆ ಫೋನು ನನಗೆ ಬರುತ್ತದೆ.

ಆವತ್ತು ತುತ್ತು ಹಿಡಿದು ನಿಂತಾಗ ಪುಟ್ಟಿ ನನ್ನ ಕಡೆ ನೋಡಲಿಲ್ಲ. ಬಲಕ್ಕೆ ಕಣ್ಣು ಹೊರಳಿಸಿ, ಆ ಬೆರಳಿಗೆ ಮಾತ್ರ ನಗುತ್ತಿದ್ದ ಆ ನಗುವನ್ನು ನಕ್ಕಳು, ಬಾಯಿ ಅಗಲ ಮಾಡಿ. ನಾನು ಆ ಕಡೆ ತಿರುಗಿ ನೋಡಲಿಲ್ಲ. ಬಾಯಿ ತೆರೆದಿತ್ತು, ತುತ್ತು ಇಟ್ಟೆ.