ಆಯುಧಪೂಜೆಯ ಉಣ್ಣೆ ಬನಿಯನ್

ನಮ್ಮ ದೊಡ್ಡಪ್ಪ ಮುನಿರಾಜಪ್ಪನವರು ಎಡಗೈಯಲ್ಲಿ ಎಸೆದ ವಸ್ತು ಗುರಿ ತಪ್ಪುತ್ತಿರಲಿಲ್ಲ. ಬಾಗಿಲಿಗೆ ಬಂದ ನಾಯಿಗೆ ಚಪ್ಪಲಿ, ಸೀಬೆಮರದ ಅಳಿಲಿಗೆ ಕಲ್ಲು, ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ ನನಗೆ ಹುಣಸೆಬೀಜ. ಎಲ್ಲವೂ ಹೋಗಿ ತಾಗಬೇಕಾದಲ್ಲೇ ತಾಗುತ್ತಿದ್ದವು. ಊಟಕ್ಕೂ ದೇವರ ಕೆಲಸಕ್ಕೂ ಬಲಗೈ, ಮಿಕ್ಕಿದ್ದಕ್ಕೆಲ್ಲ ಎಡಗೈ. ಚಿಕ್ಕಂದಿನಲ್ಲಿ ಹಿರಿಯರು ಆ ಕೈಗೆ ಬರೆ ಹಾಕಿಯೂ ನೋಡಿದ್ದರಂತೆ. ಬರೆ ಉಳಿದಿತ್ತು, ಅಭ್ಯಾಸವೂ ಉಳಿದಿತ್ತು.

ಹಲಸೂರಿನಲ್ಲಿ ನಮ್ಮದು ಅಣ್ಣತಮ್ಮಂದಿರು ಒಂದೇ ಅಂಗಳವನ್ನು ಹಂಚಿಕೊಂಡ ಮನೆ. ಮುಂಭಾಗ ದೊಡ್ಡಪ್ಪ ದೊಡ್ಡಮ್ಮನದು, ಅವರಿಗೆ ಮಕ್ಕಳಿರಲಿಲ್ಲ. ಹಿಂಭಾಗದಲ್ಲಿ ಅಪ್ಪ, ಅಮ್ಮ, ನಾನು. ತಾತನ ರಾಗಿಹೊಲಗಳಿದ್ದ ಕಡೆ ಇಂದಿರಾನಗರ ಎದ್ದಿತ್ತು. ದೊಡ್ಡಪ್ಪ ಆ ಕಡೆ ನಡೆದು ಹೋದಾಗಲೆಲ್ಲ ಯಾವುದೋ ಬಂಗಲೆಯ ಗೇಟಿನ ಮುಂದೆ ನಿಂತು, "ಇಲ್ಲಿ ಹುರುಳಿ ಹಾಕ್ತಿದ್ವಿ" ಎಂದು ಹೇಳಿ, ಅಲ್ಲೇ ಉಗಿದು ಬರುತ್ತಿದ್ದರು.

ಅವರ ಬಳಿ ಒಂದು ಬನಿಯನ್ ಇತ್ತು. ತುಂಬುತೋಳಿನದು, ಹಾಲು ಕೆನೆಗಟ್ಟಿದ ಬಣ್ಣದ್ದು, ಮೆರಿನೊ ಕುರಿಯ ಉಣ್ಣೆಯದು. ನಮ್ಮ ಕಂಬಳಿಯಂತೆ ಅದು ಚುಚ್ಚುತ್ತಿರಲಿಲ್ಲ. ಕೆನ್ನೆಗೆ ಒತ್ತಿಕೊಂಡರೆ ಬೆಕ್ಕಿನ ಹೊಟ್ಟೆಯಂತಿತ್ತು. ಶಿಕಾರಿಗೆ ನಿರ್ಬಂಧ ಬರುವುದಕ್ಕೆ ಮುಂಚೆ, ಬೆನ್ಸನ್ ಟೌನಿನಲ್ಲಿ ಉಳಿದುಕೊಂಡಿದ್ದ ಒಬ್ಬ ಇಂಗ್ಲಿಷ್ ದೊರೆಯ ಜೊತೆ ದೊಡ್ಡಪ್ಪ ಹೊಸೂರಿನಾಚೆಯ ಕುರುಚಲು ಕಾಡಿಗೆ ಹೋಗುತ್ತಿದ್ದರು. ದೊರೆ ಕೊಟ್ಟ ಬನಿಯನ್ ಅದು. ಖಾಕಿ ಅಂಗಿಯ ಒಳಗೆ, ಮೈಗೆ ಅಂಟಿಕೊಂಡಂತೆ ತೊಡುವುದು.

"ಹತ್ತಿ ಬೆವರು ಕುಡ್ದು ಸುಸ್ತಾಗುತ್ತೆ. ಉಣ್ಣೆ ಕುಡ್ದು ಮರೆತ್ಬಿಡುತ್ತೆ" ಎನ್ನುತ್ತಿದ್ದರು. ಅದಕ್ಕೆ ಸೋಪು ಮುಟ್ಟಿಸುವಂತಿರಲಿಲ್ಲ. "ಸೋಪಿನ ವಾಸನೆ ಹಂದಿಗೆ ಮೈಲಿ ದೂರಕ್ಕೆ ಹೊಡಿಯುತ್ತೆ." ಹಂದಿಗಳನ್ನು ಬಿಟ್ಟು ಬಂದು ಮೂವತ್ತು ವರ್ಷವಾದ ಮೇಲೂ ದೊಡ್ಡಮ್ಮ ಅದನ್ನು ಬರೀ ತಣ್ಣೀರಲ್ಲಿ ಅದ್ದಿ, ನೆರಳಲ್ಲಿ ಹಾಸಿ, ಹೊಗೆಸೊಪ್ಪಿನ ಜೊತೆ ಟ್ರಂಕಿನಲ್ಲಿಡಬೇಕಿತ್ತು.

ಆಯುಧಪೂಜೆಯ ದಿನ ಮಾತ್ರ ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ಬಂದೂಕಿರಲಿಲ್ಲ. ಹಾಗಾಗಿ ಕುಡುಗೋಲು, ಹಾರೆ, ಅಪ್ಪನ ಸ್ಕೂಟರಿನ ಸಾಲಿನಲ್ಲೇ ಒಂದು ಮಣೆ ಹಾಕಿ, ದೊಡ್ಡಪ್ಪ ಬನಿಯನ್ನನ್ನು ಅದರ ಮೇಲೆ ಹಾಸುತ್ತಿದ್ದರು. ಪಕ್ಕದಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು. ಮಂಗಳಾರತಿಯಾದ ಮೇಲೆ, ಬಂದ ನೆಂಟರೆದುರು ಊರುಗೋಲನ್ನು ಎಡಭುಜಕ್ಕೆ ಒತ್ತಿಕೊಂಡು ಕಥೆ ಶುರುವಾಗುತ್ತಿತ್ತು.

"ಹಂದಿ ಪೊದೆಯಿಂದ ನುಗ್ತು ನೋಡಿ, ಸೀದಾ ದೊರೆ ಮೇಲೇ. ಅವನ ಬಂದೂಕು ಕೆಳಗ್ಬಿತ್ತು. ಎತ್ಕೊಂಡೆ. ಢಂ! ಹಣೆಗೇ. ಅವತ್ತಿಂದ ದೊರೆ ನನ್ನ ಕೈಲೇ ಹೊಡಿಸ್ತಿದ್ದ. ಈ ಬನಿಯನ್ ಕೊಟ್ಟು, 'ಮುನಿ, ಇದು ನಿನ್ನಷ್ಟು ದಿನ ಬಾಳುತ್ತೆ' ಅಂದ."

ನನಗೂ ದೊಡ್ಡಪ್ಪನಿಗೂ ಯಾವತ್ತೂ ಆಗಿಬರಲಿಲ್ಲ. ರಾತ್ರಿ ಓದುತ್ತಿದ್ದರೆ ಕರೆಂಟು ದಂಡವೆಂದು ಮೇನ್ ಸ್ವಿಚ್ ಆರಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ನಾನು ಜವಳಿ ವಿಜ್ಞಾನದಲ್ಲಿ ಎಂ.ಎಸ್ಸಿ. ಸೇರಿದಾಗ ಅಪ್ಪನನ್ನು ಅಂಗಳದ ಮಧ್ಯೆ ನಿಲ್ಲಿಸಿಕೊಂಡು ಕೇಳಿದರು.

"ಬಟ್ಟೆ ಓದೋಕೆ ಯೂನಿವರ್ಸಿಟಿಗೆ ಕಳಿಸ್ತೀಯೇನೋ? ಕಮರ್ಷಿಯಲ್ ಸ್ಟ್ರೀಟಲ್ಲಿ ಯಾವ ಅಂಗಡಿಯೋನಾದ್ರೂ ಪುಕ್ಕಟೆ ಹೇಳ್ಕೊಡ್ತಾನಲ್ಲೋ. ಜೊತೆಗೆ ಒಂದು ಟೀನೂ ಕುಡಿಸ್ತಾನೆ."

ಅಂದಿನಿಂದ ನನಗೆ ಹೆಸರು ಹೋಯಿತು. ನಾನು 'ಎಂ.ಎಸ್ಸಿ.' ಆದೆ. "ಏ ಎಂ.ಎಸ್ಸಿ., ನಿಮ್ಮಪ್ಪ ಇದಾನಾ?" ನಾನೂ ಅವರಿಗೆ ಬೇಕಾದಷ್ಟೇ ಉತ್ತರ ಕೊಡುತ್ತಿದ್ದೆ. ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಿದರೆ ಅದನ್ನೇ ಹುಣಸೆಬೀಜದಂತೆ ನನ್ನ ಮೇಲೆ ಎಸೆಯುತ್ತಾರೆಂದು ಗೊತ್ತಿತ್ತು.

ಓದು ಮುಗಿದು, ವಿದೇಶಕ್ಕೆ ಸಿದ್ಧ ಉಡುಪು ಕಳಿಸುವ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬಟ್ಟೆಯನ್ನು ಉಜ್ಜಿ, ಎಳೆದು, ಎಲ್ಲಿ ಮೊದಲು ಸವೆಯುತ್ತದೆ, ಯಾಕೆ ಸವೆಯುತ್ತದೆ ಎಂದು ಬರೆದು ಕೊಡುವ ಕೆಲಸ. ಆ ವರ್ಷದ ಆಯುಧಪೂಜೆಗೆ ನೆಂಟರು ತುಂಬಿದ್ದರು. ಕಥೆ ಮುಗಿಸಿದ ದೊಡ್ಡಪ್ಪನ ಕಣ್ಣು ನನ್ನ ಮೇಲೆ ಬಿತ್ತು.

"ಬಾರೇ ಎಂ.ಎಸ್ಸಿ. ನಿನ್ನ ಭೂತಗನ್ನಡಿ ತಗೊಂಡ್ಬಾ. ಇದ್ಯಾಕೆ ಇನ್ನೂ ಹರಿದಿಲ್ಲ, ಹೇಳು ನೋಡೋಣ. ನಿಮ್ಮಪ್ಪ ಸುರಿದ ಫೀಸು ವಸೂಲಾಗ್ಲಿ."

ಎಲ್ಲರೂ ನಕ್ಕರು. ಅಪ್ಪ ಸ್ಕೂಟರಿನ ಹೂವು ಸರಿಮಾಡುತ್ತಾ ತಲೆ ತಗ್ಗಿಸಿದರು. ನಾನು ಒಳಗೆ ಹೋಗಿ ಭೂತಗನ್ನಡಿ ತಂದು ಮಣೆಯ ಮುಂದೆ ಕೂತೆ.

ಬಟ್ಟೆ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಮೊದಲು ಹೇಳಿದೆ. ಈ ಉಣ್ಣೆಯ ಎಳೆಯಲ್ಲಿ ಹುಟ್ಟಿನಿಂದಲೇ ಸಣ್ಣ ಸುರುಳಿಗಳಿರುತ್ತವೆ, ಎಷ್ಟು ಬಗ್ಗಿಸಿದರೂ ಮುರಿಯದೆ ಮತ್ತೆ ಮೊದಲಿನಂತಾಗುತ್ತದೆ, ನೀವು ಬಿಸಿನೀರು ಸೋಪು ಸೋಕಿಸದೆ ಇದ್ದದ್ದೂ ಒಳ್ಳೆಯದೇ ಆಯಿತು, ಎಂದೆ. ದೊಡ್ಡಪ್ಪ ನೆಂಟರ ಕಡೆ ತಿರುಗಿ ಹುಬ್ಬು ಹಾರಿಸಿದರು.

"ಆದರೆ ಬಂದೂಕಿನ ಬುಡ ಒತ್ತುವ ಜಾಗ ಸವೆದೇ ಇಲ್ಲ" ಎಂದೆ. "ಅದು ಭುಜದ ಮುಂದಿನ ಕುಳಿಯಲ್ಲಿ ಕೂರುತ್ತೆ. ಅಲ್ಲಿ ಹೊಸದರ ಹಾಗಿದೆ. ಸವೆದಿರೋದು ಭುಜದ ಮೇಲೆ, ಕತ್ತಿನ ಪಕ್ಕ. ಎರಡೂ ಕಡೆ. ಭಾರ ಕಟ್ಟಿದ ಬೊಂಬು ಹೊತ್ತು, ಭುಜ ಬದಲಾಯಿಸ್ತಾ ನಡೆದರೆ ಹೀಗಾಗುತ್ತೆ."

ಕಲಸನ್ನದ ತಟ್ಟೆ ಹಿಡಿದು ನಿಂತಿದ್ದ ದೊಡ್ಡಮ್ಮ, ಮದುವೆಯಾದಂದಿನಿಂದ ಆ ಕಥೆಯನ್ನು ಕೇಳಿಕೊಂಡು ಬಂದವರು, ಮೆಲ್ಲಗೆ ಕೇಳಿದರು.

"ಅಂದ್ರೆ... ಹಂದೀನ ಹೊತ್ಕೊಂಡು ಬಂದ್ರೇನ್ರೀ?"

ಮೊದಲು ಒಬ್ಬರು, ಆಮೇಲೆ ಇಡೀ ಅಂಗಳ ನಕ್ಕಿತು. ದೊಡ್ಡಪ್ಪನ ಎಡಗೈ ನಿಂಬೆಹಣ್ಣಿಗೆ ಹೋಯಿತು. ಅದು ನನ್ನ ಕಿವಿಯ ಪಕ್ಕದಲ್ಲೇ ಹಾದು ಸುಣ್ಣದ ಗೋಡೆಗೆ ಅಪ್ಪಳಿಸಿತು. ಅವರ ಎಡಗೈ ಗುರಿ ತಪ್ಪಿದ್ದನ್ನು ನಾನು ನೋಡಿದ್ದು ಅಂದು ಮಾತ್ರ. ಗೋಡೆಯ ಮೇಲಿನ ಕುಂಕುಮದ ಕಲೆಯನ್ನು ಯಾರೂ ಒರೆಸಲಿಲ್ಲ.

ಮುಂದಿನ ವರ್ಷದವರೆಗೆ ಅವರು ನನ್ನನ್ನು 'ಎಂ.ಎಸ್ಸಿ.' ಎಂದೂ ಕರೆಯಲಿಲ್ಲ. ನೆಂಟರ ಮನೆಗಳಲ್ಲಿ ಅವರ ಬೆನ್ನ ಹಿಂದೆ 'ಹಂದಿ ಹೊತ್ತ ಮುನಿರಾಜಪ್ಪ' ಎಂಬ ಮಾತು ಓಡಾಡುತ್ತಿದ್ದುದು ಅವರಿಗೂ ತಲುಪಿತ್ತು. ಮದುವೆಮನೆಗಳಿಗೆ ಹೋಗುವುದನ್ನು ನಿಲ್ಲಿಸಿದರು. ಮಧ್ಯಾಹ್ನ ನಾನಿಲ್ಲದ ಹೊತ್ತಿನಲ್ಲಿ ಹಿತ್ತಲಲ್ಲಿ ಏನೋ ಕೆಲಸ ನಡೆಸಿದ್ದರು. ಏನೆಂದು ದೊಡ್ಡಮ್ಮ ಒಂದು ದಿನ ಬಾವಿಕಟ್ಟೆಯ ಹತ್ತಿರ ಹೇಳಿದರು.

"ಒಗೆಯೋ ಕಲ್ಲಿನ ಮೇಲೆ ಆ ಬನಿಯನ್ನ ಅಂಗಾತ ಹಾಸ್ಕೊಂಡು ಪಾತ್ರೆ ತಿಕ್ಕೋ ನಾರಲ್ಲಿ ತಿಕ್ತಾರೆ ಕಣೇ. ಆಗ್ಲಿಲ್ಲ ಅಂತ ಇಟ್ಟಿಗೆ ಚೂರು ತಗೊಂಡ್ರು. ಅದೆಂಥ ಕುರಿನೋ, ಒಂದೆಳೆ ಬಿಡಲ್ಲ ಅನ್ನುತ್ತೆ. ಆ ದೊರೆಗೂ ಬೈಗುಳ, ಕುರಿಗೂ ಬೈಗುಳ, ಮಧ್ಯೆ ಮಧ್ಯೆ ನಿಂಗೂ."

ಮಳೆಗಾಲವಿಡೀ ತಿಕ್ಕಿರಬೇಕು. ಆಯುಧಪೂಜೆಯ ದಿನ ಮಣೆಯ ಮೇಲೆ ಬನಿಯನ್ ಬಂತು. ಭುಜದ ಮುಂದಿನ ಕುಳಿಯಲ್ಲಿ, ಬಂದೂಕಿನ ಬುಡ ಕೂರುವಲ್ಲೇ, ಬಟ್ಟೆ ತೆಳ್ಳಗಾಗಿ ನಡುವೆ ತೂತು ಬಿದ್ದಿತ್ತು. ದೊಡ್ಡಪ್ಪ ಹಟ ಮಾಡಿ ಅದೇ ನೆಂಟರನ್ನು ಕರೆಸಿದ್ದರು.

"ಹೋದ್ಸಲ ಬೆಳಕು ಸಾಲ್ದೆ ಸರಿಯಾಗಿ ಕಂಡಿರ್ಲಿಲ್ಲ ಅನ್ಸುತ್ತೆ" ಎಂದರು ಎಲ್ಲರಿಗೂ. ಆಮೇಲೆ ನನಗೆ, "ಬಾರಮ್ಮಾ ಎಂ.ಎಸ್ಸಿ. ಈಗ ನೋಡಿ ಹೇಳು. ಸವೆದಿದ್ಯೋ ಇಲ್ವೋ?"

ನಾನು ಭೂತಗನ್ನಡಿ ಹಿಡಿದೆ. ತೂತಿನ ಅಂಚಿನಲ್ಲಿ ಇಟ್ಟಿಗೆಯ ಕೆಂಪು ಪುಡಿ ಇನ್ನೂ ಇತ್ತು. ಅದು ದೊಡ್ಡ ಮಾತಲ್ಲ. ಹಾಸಿಟ್ಟ ಬಟ್ಟೆಯನ್ನು ಮನಸ್ಸಿನಲ್ಲೇ ಒಬ್ಬರ ಮೈಗೆ ತೊಡಿಸಿ ನೋಡುವುದು ನನ್ನ ದಿನದ ಕೆಲಸ. ಹಾಗೆ ತೊಡಿಸಿದೆ. ದೊಡ್ಡಪ್ಪ ಬನಿಯನ್ನನ್ನು ಕಲ್ಲಿನ ಮೇಲೆ ಅಂಗಾತ ಹಾಸಿ, ತಮ್ಮ ಎಡಕ್ಕೆ ಬಂದ ಭುಜವನ್ನು ತಿಕ್ಕಿದ್ದರು. ಎದುರಿಗೆ ಹಾಸಿದಾಗ ನಮ್ಮ ಎಡಕ್ಕೆ ಬರುವುದು ಅಂಗಿಯ ಬಲಭುಜ. ಹುಟ್ಟು ಎಡಚರಾದ ಅವರು, ಪ್ರತಿ ವರ್ಷ ಊರುಗೋಲನ್ನು ಎಡಭುಜಕ್ಕೆ ಒತ್ತಿ ತೋರಿಸಿದವರು, ಬಲಭುಜವನ್ನು ತೂತು ಮಾಡಿಕೊಂಡಿದ್ದರು.

ತಲೆಯೆತ್ತಿದೆ. ದೊಡ್ಡಪ್ಪ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದರು. ನೆಂಟರು ನಗುವುದಕ್ಕೆ ಸಿದ್ಧವಾಗಿ ನಿಂತಿದ್ದರು. ನನಗೆ ದೊಡ್ಡಪ್ಪನ ಮೇಲೆ ಕನಿಕರವೇನೂ ಹುಟ್ಟಲಿಲ್ಲ. ಆದರೆ ಆ ನಗುವನ್ನು ಇನ್ನೊಮ್ಮೆ ಕೇಳುವ ಆಸೆಯೂ ಇರಲಿಲ್ಲ.

"ಸವೆದಿದೆ" ಎಂದೆ.

"ಕೇಳ್ಸಿಕೊಂಡ್ರೇನ್ರಪ್ಪಾ!" ದೊಡ್ಡಪ್ಪ ಊರುಗೋಲನ್ನು ಎತ್ತಿ ಎಡಭುಜಕ್ಕೆ ಒತ್ತಿಕೊಂಡರು. ಹಂದಿ ಮತ್ತೆ ಪೊದೆಯಿಂದ ನುಗ್ಗಿತು.

ಅದಾದ ಎರಡು ವರ್ಷಕ್ಕೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಎಡಭಾಗ ಪೂರ್ತಿ ಬಿದ್ದುಹೋಯಿತು. ಕೊನೆಯ ಸಲ ನಾನು ಅವರನ್ನು ನೋಡಿದ್ದು ಡಿಸೆಂಬರಿನ ಒಂದು ಬೆಳಿಗ್ಗೆ. ಆ ವಾರವೇ ತೀರಿಕೊಂಡರು. ಚಳಿಗೆಂದು ದೊಡ್ಡಮ್ಮ ಬನಿಯನ್ ತೊಡಿಸಿ, ದಿಂಬಿಗೆ ಒರಗಿಸಿ ಕೂರಿಸಿದ್ದರು. ದೊಡ್ಡಮ್ಮ ಹಾಲು ತರಲು ಹೋದಾಗ ರಾಗಿಗಂಜಿ ಕುಡಿಸುವ ಕೆಲಸ ನನ್ನ ಪಾಲಿಗೆ ಬಂತು.

"ನಿನ್ನ ಕೈಲಿ ವಿಷಾನೂ ಕುಡಿಯಲ್ಲ" ಎಂದರು. ಮಾತು ತೊದಲುತ್ತಿತ್ತು, ಅರ್ಥ ಮಾತ್ರ ಸ್ಪಷ್ಟವಾಗಿತ್ತು. ನಾನು ಬಟ್ಟಲನ್ನೂ ಚಮಚವನ್ನೂ ಸ್ಟೂಲಿನ ಮೇಲಿಟ್ಟು ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ಚಮಚ ಹಾರಿತು. ನನ್ನ ಹತ್ತಿರಕ್ಕೂ ಬರದೆ, ಮಂಚದ ಕಾಲಿನ ಪಕ್ಕ ಬಿದ್ದು ಟಣ್ ಎಂದಿತು.

ದೊಡ್ಡಪ್ಪ ಎಸೆದ ಬಲಗೈಯನ್ನೇ ನೋಡಿಕೊಂಡರು. ಆ ನೋಟ ತೋಳಿನ ಮೇಲೆ ನಿಧಾನವಾಗಿ ಏರಿ ಬಲಭುಜದ ತೂತಿಗೆ ಬಂತು. ಅಲ್ಲಿಂದ, ತೊಡೆಯ ಮೇಲೆ ಸತ್ತಂತೆ ಬಿದ್ದಿದ್ದ ಎಡಗೈಗೆ. ಆಮೇಲೆ ನನ್ನ ಮುಖಕ್ಕೆ.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಎಲ್ಲರ ಮುಂದೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಸವೆದಿದ್ಯಾ ಅಂತ. ಯಾವ ಭುಜ ಅಂತ ಕೇಳಲಿಲ್ಲ."

"ಹಾಳಾದೋಳೆ" ಎಂದರು. ಕಿಟಕಿಯ ಕಡೆ ತಿರುಗಿದರು. ಹೊರಗೆ ಸೀಬೆಮರದಲ್ಲಿ ಅಳಿಲು ಯಾರ ಹೆದರಿಕೆಯೂ ಇಲ್ಲದೆ ಓಡಾಡುತ್ತಿತ್ತು.

"ಆ ಹಂದಿ ಎಷ್ಟು ಭಾರ ಇತ್ತು ಗೊತ್ತೇನೇ ನಿಂಗೆ? ಹೊಡೆದೋನು ಸಿಗರೇಟ್ ಹಚ್ಕೊಂಡು ಮುಂದೆ ಹೋಗ್ಬಿಟ್ಟ. ಕಾಡು ದಾಟೋವರೆಗೆ ಭುಜದ ಚರ್ಮ ಕಿತ್ತು ಬಂದಿತ್ತು. ರಕ್ತ ನೋಡಿ, ಅವನು ಈ ಬನಿಯನ್ ತೆಗೆದು ಎಸೆದ. ಇನ್ಮುಂದೆ ಇದ್ಹಾಕ್ಕೊಂಡು ಹೊರು ಅಂತ. ಬಂದೂಕು ಮುಟ್ಟೋಕೂ ಬಿಡ್ಲಿಲ್ಲ ಬಡ್ಡೀಮಗ. ಇಷ್ಟು ಒಳ್ಳೇ ಗುರಿ ಇತ್ತು ನಂಗೆ."

ನಾನು ಸಮಾಧಾನ ಹೇಳಿದ್ದರೆ ಅವರು ಕ್ಷಮಿಸುತ್ತಿರಲಿಲ್ಲ.

"ಚಮಚ ಎತ್ಕೊಡು."

"ಮತ್ತೆ ಎಸೆಯೋಕಾ?"

"ಹೂಂ."

ಚಮಚ ಎತ್ತಿ, ಸೆರಗಿನಲ್ಲಿ ಒರೆಸಿ, ಅವರ ಬಲಗೈಗೆ ಕೊಟ್ಟೆ. ಆಮೇಲೆ ಬಾಗಿಲಿನ ಹತ್ತಿರ ಹೋಗಿ, ಅವರ ಕಡೆ ತಿರುಗಿ, ಅಲುಗಾಡದೆ ನಿಂತೆ.